ಮೂರು ನಳಿಗೆಯ ಬಂದೂಕು ಮತ್ತು ನನ್ನ ಜರ್ಮನ್

ನಾನು ಬಂದೂಕು ಸಂಗ್ರಹಿಸುತ್ತೇನೆ ಎಂದರೆ ನನ್ನನ್ನು ಕಂಡವರು ಯಾರೂ ನಂಬುವುದಿಲ್ಲ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದ, ಜಿರಳೆ ಕಂಡರೆ ಹೆಂಡತಿಯನ್ನು ಕೂಗುವ ಆಸಾಮಿ ನಾನು. ಆದರೂ ೧೯೮೭ರ ಹೊತ್ತಿಗೆ ಯೂನಿಯನ್ ಸಿಟಿಯ ನಮ್ಮ ಮನೆಯ ಗರಾಜಿನಲ್ಲಿ, ಬೀಗ ಹಾಕಿದ ಕಬ್ಬಿಣದ ಬೀರುವಿನೊಳಗೆ, ಜರ್ಮನಿಯ ಎರಡು ಹಳೆಯ ಬಂದೂಕುಗಳಿದ್ದವು. ಒಂದಕ್ಕೆ ಗುಂಡು ಹಾರಿಸುವ ಕುದುರೆಯೇ ಇರಲಿಲ್ಲ. ಇನ್ನೊಂದನ್ನು ನಾನೇ ಮರಳು ಕಾಗದದಿಂದ ತಿಕ್ಕಿ ತಿಕ್ಕಿ ಬೆಳ್ಳಿ ಚೊಂಬಿನಂತೆ ಹೊಳೆಯಿಸಿದ್ದೆ. ಹಳೆಯ ಬಂದೂಕಿಗೆ ಅದರ ಮೈಮೇಲಿನ ಕಂದುನೀಲಿ ಬಣ್ಣವೇ ಮರ್ಯಾದೆ, ಅದನ್ನು ಕೆರೆಯಬಾರದು ಎಂದು ಆಮೇಲೆ ತಿಳಿಯಿತು. ಗುಂಡು ಹಾರಿಸಿದ್ದು ಒಮ್ಮೆ ಮಾತ್ರ. ಕಣ್ಣು ಮುಚ್ಚಿಕೊಂಡಿದ್ದರಿಂದ ಅದು ಎಲ್ಲಿಗೆ ಹೋಯಿತೋ ನೋಡಲಾಗಲಿಲ್ಲ.

ಸ್ಯಾನ್ ಮಟಿಯೋದಲ್ಲಿ ನನ್ನ ಆಫೀಸಿನ ಹತ್ತಿರ ಇಂಥದೇ ಹುಚ್ಚಿನವರ ಒಂದು ಕ್ಲಬ್ಬಿತ್ತು. ಅಲ್ಲಿ ನನಗೆ ‘ಪ್ರೊಫೆಸರ್’ ಎಂದು ಹೆಸರು. ನನಗೆ ಜರ್ಮನ್ ಬರುತ್ತದೆ ಎಂದು ಮೊದಲ ದಿನವೇ ಕೊಚ್ಚಿಕೊಂಡಿದ್ದೆ. ಬೆಂಗಳೂರಿನಲ್ಲಿದ್ದಾಗ ಸಂಜೆ ಕ್ಲಾಸಿನಲ್ಲಿ ಕಲಿತದ್ದು. ರೈಲ್ವೆ ಸ್ಟೇಷನ್ ಎಲ್ಲಿದೆ ಎಂದು ಕೇಳಬಲ್ಲೆ. ಯಾರಾದರೂ ಉತ್ತರ ಹೇಳಿದರೆ ಅರ್ಥವಾಗುವುದಿಲ್ಲ.

ಕ್ಲಬ್ಬಿನ ಅಧ್ಯಕ್ಷ ವಾಲ್ಟ್ ಒಂದು ಸಲ ತನ್ನ ಬಂದೂಕಿನ ನಳಿಗೆಯ ಮೇಲೆ ಕೆತ್ತಿದ್ದ ಅಕ್ಷರಗಳನ್ನು ತೋರಿಸಿದ: ‘ಫ್ಲುಸ್ ಶ್ಟಾಲ್ ಕ್ರುಪ್ ಎಸೆನ್’. ಫ್ಲುಸ್ ಅಂದರೆ ನದಿ, ಎಸೆನ್ ಅಂದರೆ ಉಣ್ಣುವುದು. ಇಷ್ಟು ನನಗೆ ಗೊತ್ತಿತ್ತು. ನದಿ ದಡದಲ್ಲಿ ಊಟಕ್ಕೆಂದು ಬಾತುಕೋಳಿ ಹೊಡೆಯುವ ಬಂದೂಕು ಇದು ಎಂದು ದೊಡ್ಡ ಉಪನ್ಯಾಸವನ್ನೇ ಕೊಟ್ಟೆ. ಎಲ್ಲರೂ ತಲೆದೂಗಿದರು. ಎಸೆನ್ ಎಂಬುದು ಕ್ರುಪ್ ಕಾರ್ಖಾನೆಯ ಊರು, ಫ್ಲುಸ್ ಶ್ಟಾಲ್ ಎಂಬುದು ಉಕ್ಕಿನ ಒಂದು ಬಗೆ ಎಂದು ಲೈಬ್ರರಿಯ ಪುಸ್ತಕ ನೋಡಿ ತಿಳಿದುಕೊಳ್ಳುವಷ್ಟರಲ್ಲಿ, ಕ್ಲಬ್ಬಿನವರೆಲ್ಲ ಅದನ್ನು ‘ಡಕ್ ಗನ್’ ಎಂದೇ ಕರೆಯತೊಡಗಿದ್ದರು. ನಾನೂ ಹಾಗೇ ಕರೆದೆ.

ಆ ಬೇಸಿಗೆಯಲ್ಲಿ ವಾಲ್ಟ್ ಒಂದು ಸುದ್ದಿ ತಂದ. ಲಿವರ್‌ಮೋರಿನಲ್ಲಿ ಮಿಸೆಸ್ ಲೋರೆಂಟ್ಸ್ ಎಂಬ ಜರ್ಮನ್ ಹೆಂಗಸಿದ್ದಾರೆ, ಗಂಡ ತೀರಿಕೊಂಡಿದ್ದಾನೆ, ಅವನ ಮೂರು ನಳಿಗೆಯ ಬೇಟೆ ಬಂದೂಕನ್ನು ಯೋಗ್ಯರಾದವರಿಗೆ ಕೊಟ್ಟುಬಿಡಬೇಕು ಎಂದಿದ್ದಾರೆ. “ಆಕೆಯ ಭಾಷೆ ಬಲ್ಲವನು ನೀನೊಬ್ಬನೇ, ಹೋಗು” ಎಂದ.

ಲಿವರ್‌ಮೋರ್ ಎಂದ ಕೂಡಲೇ ನನ್ನ ಹೆಂಡತಿ ಊರ್ಮಿಳಾ ರೇಷ್ಮೆ ಸೀರೆ ಉಟ್ಟು ಹೊರಟಳು. ಅಲ್ಲಿನ ದೇವಸ್ಥಾನದಲ್ಲಿ ಅರ್ಚನೆ ಮಾಡಿಸಬೇಕೆಂದು ಬಹಳ ದಿನದಿಂದ ಹೇಳುತ್ತಿದ್ದಳು. ಮಿಸೆಸ್ ಲೋರೆಂಟ್ಸ್ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಅವಳು ಇಳಿಯಲಿಲ್ಲ.

“ನೀವು ಹೋಗ್ಬನ್ನಿ. ದೇವಸ್ಥಾನಕ್ಕೆ ಹೊರಟೋಳು ಬೇಟೆಯವರ ಮನೇಲಿ ಗೋಡೆ ಮೇಲಿನ ಸತ್ತ ಜಿಂಕೆ ತಲೆ ನೋಡ್ಕೊಂಡ್ ಕೂರಕ್ಕಾಗಲ್ಲ.”

“ಹತ್ತೇ ನಿಮಿಷ ಕಣೆ.”

“ಪೂಜಾರಿಗಳು ಊಟಕ್ಕೆ ಹೋಗೋಷ್ಟರಲ್ಲಿ ಬನ್ನಿ ಸಾಕು.”

ಬಾಗಿಲು ತೆರೆದ ಮಿಸೆಸ್ ಲೋರೆಂಟ್ಸ್ ಎತ್ತರದ ಬಿಳಿಕೂದಲಿನ ಹೆಂಗಸು. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದ “ಗೂಟನ್ ಟಾಗ್” ಎಂಬ ನಮಸ್ಕಾರವನ್ನು ನಾನು ಸ್ಪಷ್ಟವಾಗಿ ಹೇಳಿದೆ. ಆಕೆಯ ಮುಖ ಅರಳಿತು. ಗಂಡ ಹೋದಮೇಲೆ ಆ ಮನೆಯಲ್ಲಿ ಯಾರೂ ಜರ್ಮನ್ ಆಡಿರಲಿಲ್ಲವೆಂದು ಕಾಣುತ್ತದೆ. ಆಕೆ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ನಾನು “ಯಾ, ಯಾ”, ಅಂದರೆ ಹೌದು ಹೌದು, ಎನ್ನುತ್ತ ಸೋಫಾದಲ್ಲಿ ಕೂತೆ. ಆಕೆ ನಕ್ಕಾಗ ನಕ್ಕೆ, ನಿಟ್ಟುಸಿರು ಬಿಟ್ಟಾಗ ನಾನೂ ಬಿಟ್ಟೆ.

ಬಂದೂಕನ್ನು ತಂದು ಮೇಜಿನ ಮೇಲಿಟ್ಟರು. ಮೇಲೆ ಅಕ್ಕಪಕ್ಕ ಎರಡು ನಳಿಗೆ, ಅವುಗಳ ಕೆಳಗೊಂದು. ನಡುವೆ ಮಡಿಸಿ ತೆರೆದು ನೋಡಿದರೆ ನಳಿಗೆಗಳ ಬುಡದಲ್ಲಿ ಪುಟ್ಟ ಕಿರೀಟದ ಮುದ್ರೆಗಳು. ಯಾವುದೋ ರಾಜನ ಸ್ವಂತ ಬಂದೂಕೇ ಇರಬೇಕೆಂದುಕೊಂಡೆ. ಪರೀಕ್ಷೆಯಲ್ಲಿ ಪಾಸಾದ ಬಂದೂಕಿಗೆಲ್ಲ ಆ ಕಾಲದಲ್ಲಿ ಸರಕಾರ ಕಿರೀಟ ಒತ್ತುತ್ತಿತ್ತು ಎಂದು ನನಗಿನ್ನೂ ಗೊತ್ತಿರಲಿಲ್ಲ.

ಆಮೇಲೆ ಆಕೆ ಗಂಡನ ಫೋಟೋ ತಂದು ಮೆಲ್ಲಗೆ ಏನೇನೋ ಹೇಳಿದರು. ಕಣ್ಣಲ್ಲಿ ನೀರು. ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದರು. ಅದರಲ್ಲಿ ‘ಫ್ರಾವ್’ ಎಂಬುದು ಸಿಕ್ಕಿತು, ಹೆಂಡತಿ. ಇನ್ನೊಂದು ಮಾತು ‘ಗೆಸ್ಟರ್ನ್’ ಎಂದಂತೆ ಕೇಳಿಸಿತು, ನಿನ್ನೆ. ನಿನ್ನೆ ಹೆಂಡತಿ ಮನೆಯಲ್ಲಿದ್ದಳೇ ಎಂದಿರಬೇಕು. ಇದ್ದದ್ದು ನಿಜವೇ.

“ಯಾ, ಯಾ” ಎಂದೆ.

ಆಕೆ ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಬಂದೂಕನ್ನು ಚರ್ಮದ ಚೀಲಕ್ಕೆ ಹಾಕಿ ನನ್ನ ಮಡಿಲಿಗಿಟ್ಟರು. ದುಡ್ಡಿನ ಮಾತೆತ್ತಿದರೆ ತಲೆಯಾಡಿಸಿಬಿಟ್ಟರು. ನನ್ನ ಜರ್ಮನ್ ಈ ಮಟ್ಟಿಗೆ ಕೆಲಸ ಮಾಡಿತಲ್ಲ ಎಂದು ಉಬ್ಬಿಹೋದೆ.

ಬೀಳ್ಕೊಡಲು ಆಕೆ ಕಾರಿನವರೆಗೂ ಬಂದರು. ಊರ್ಮಿಳಾ ಕೆಳಗಿಳಿದು ಕೈಮುಗಿದು, “ನಾನು ಇವರ ಹೆಂಡತಿ” ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಮಿಸೆಸ್ ಲೋರೆಂಟ್ಸ್ ಅವಳನ್ನು ನೋಡಿದರು, ನನ್ನನ್ನು ನೋಡಿದರು. “ಎರಡನೆಯವರೋ?” ಎಂದು ಕೇಳಿದರು. ಅಚ್ಚುಕಟ್ಟಾದ ಇಂಗ್ಲಿಷು.

“ಇಲ್ಲ, ಒಬ್ಬಳೇ. ಯಾಕೆ?” ಎಂದಳು ಊರ್ಮಿಳಾ.

“ನಿಮ್ಮ ಹೆಂಡತಿಯೂ ತೀರಿಕೊಂಡರೇ ಎಂದು ಇವರನ್ನು ಕೇಳಿದೆ. ಹೌದು, ಹೌದು ಎಂದರು.”

ನನಗೆ ‘ಗೆಸ್ಟರ್ನ್’ ಎಂದು ಕೇಳಿಸಿದ್ದು ಗೆಸ್ಟೋರ್ಬೆನ್. ಸತ್ತಿದ್ದಾರೆ ಎಂದರ್ಥ. ಆ ಪಾಠದ ದಿನ ನಾನು ಕ್ಲಾಸಿಗೆ ಹೋಗಿರಲಿಲ್ಲವೆಂದು ಕಾಣುತ್ತದೆ.

ಊರ್ಮಿಳಾ ಸೆರಗು ಸರಿಮಾಡಿಕೊಂಡಳು. “ಹೇಳುವಾಗ ಅತ್ತರಾ?” ಎಂದು ಆಕೆಯನ್ನೇ ಕೇಳಿದಳು.

“ಇಲ್ಲ. ನಿಟ್ಟುಸಿರು ಬಿಟ್ಟರು.”

“ಅಷ್ಟೇನಾ?” ಎಂದು ನನ್ನ ಕಡೆ ತಿರುಗಿದಳು. “ಹದಿನಾಲ್ಕು ವರ್ಷ ಅನ್ನ ಹಾಕಿದೀನಿ ಕಣ್ರೀ.”

“ನಂಗೆ ಅರ್ಥ ಆಗ್ಲಿಲ್ಲ ಕಣೆ, ನಿನ್ನೆ ಅಂದ್ಕೊಂಡೆ.”

“ಸರಿ ಹೋಯ್ತು. ನಿನ್ನೆ ಸತ್ತೋಳಿಗೆ ಇವತ್ತು ರೇಷ್ಮೆ ಸೀರೆ.”

ಬೇರೆ ದಾರಿಯಿರಲಿಲ್ಲ. ನನಗೆ ಜರ್ಮನ್ ಬರುವುದಿಲ್ಲ ಎಂದು ರಸ್ತೆಯಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಬೈಯಬಹುದು, ಬಂದೂಕು ಕಿತ್ತುಕೊಳ್ಳಬಹುದು ಎಂದುಕೊಂಡಿದ್ದೆ. ಆಕೆಯ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ಹೆದರಿದೆ. ನಗುತ್ತಿದ್ದರು. ಕಾರಿಗೆ ಕೈಯಾನಿಸಿಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ನಕ್ಕರು. ಊರ್ಮಿಳಾಳೂ ಸೇರಿಕೊಂಡಳು. ನಾನು ಚೀಲ ಹಿಡಿದು ನಿಂತಿದ್ದೆ.

“ಒಂದು ಗಂಟೆ ನಾನು ಯಾರ ಹತ್ತಿರ ಮಾತಾಡಿದೆ?” ಎಂದು ಆಕೆ ಕೊನೆಗೆ ಕೇಳಿದರು. ಅದರಲ್ಲಿ ನಗುವಿರಲಿಲ್ಲ.

“ನಮ್ಮ ಜೊತೆ ದೇವಸ್ಥಾನಕ್ಕೆ ಬನ್ನಿ” ಎಂದಳು ಊರ್ಮಿಳಾ. “ದಾರೀಲಿ ನಂಗೆ ಇನ್ನೊಂದ್ಸಲ ಹೇಳಿ, ಇಂಗ್ಲಿಷಲ್ಲಿ.”

ಬಂದೂಕನ್ನು ಮನೆಯೊಳಗಿಟ್ಟು ಆಕೆ ಬಂದರು. ಅವರಿಬ್ಬರೂ ಹಿಂದೆ ಕೂತರು, ನಾನು ಡ್ರೈವರು. ಮಿಸ್ಟರ್ ಲೋರೆಂಟ್ಸ್ ಹೇಗೆ ಕಾಯಿಲೆ ಬಿದ್ದರು, ಕೊನೆಯ ದಿನಗಳಲ್ಲಿ ಇಂಗ್ಲಿಷನ್ನೇ ಮರೆತು ಹೇಗೆ ಜರ್ಮನ್ ಮಾತ್ರ ಆಡುತ್ತಿದ್ದರು, ಎಲ್ಲವನ್ನೂ ಆಗ ಕೇಳಿದೆ. ಯಾ, ಯಾ ಎಂದು ನಾನು ಒಪ್ಪಿಕೊಂಡು ಕೂತಿದ್ದು ಇದಕ್ಕೆಲ್ಲ. ಕನ್ನಡಿಯಲ್ಲಿ ನೋಡಿದರೆ ಊರ್ಮಿಳಾ ಆಕೆಯ ಕೈ ಹಿಡಿದುಕೊಂಡಿದ್ದಳು.

ಸಂಜೆ ವಾಪಸು ಬಿಟ್ಟಾಗ ಆಕೆ ಬಂದೂಕು ಕೊಟ್ಟರು. ನನಗಲ್ಲ, ಊರ್ಮಿಳಾಗೆ. ಬಂದೂಕಿನ ಕಾಗದವನ್ನೂ ಅವಳ ಹೆಸರಿಗೇ ಬರೆದರು. ಮನೆ ಹತ್ತಿರ ಬಂದಾಗ ಅವಳು ಬೀರುವಿನ ಬೀಗದ ಕೈ ಕೇಳಿದಳು. ಕೊಟ್ಟೆ.

ಈಗ ಆ ಬಂದೂಕಿಗೆ ಎಣ್ಣೆ ಹಚ್ಚುವುದು ನಾನು. ಹಚ್ಚು ಎಂದಾಗ ಮಾತ್ರ. ಮಿಸೆಸ್ ಲೋರೆಂಟ್ಸ್ ಪ್ರತಿ ಭಾನುವಾರ ಫೋನು ಮಾಡುತ್ತಾರೆ. ನಾನು ಎತ್ತಿದರೆ, ಮಗುವಿಗೆ ಹೇಳುವಂತೆ ನಿಧಾನವಾಗಿ, ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ, “ನಿಮ್ಮ ಹೆಂಡತಿಗೆ ಕೊಡಿ” ಎನ್ನುತ್ತಾರೆ. ಕೊಡುತ್ತೇನೆ.