ಕೋಚ್ ಹಾರ್ಗೆಟ್ ಮನೆ ಮುಂದಿನ ಬೋರ್ಡು

ಲವಾನ್ ಹಾರ್ಗೆಟ್ ತನ್ನ ಗ್ಯಾರೇಜಿನ ಮೂಲೆಯಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಹಿಂದೆ, ಒಂದು ಬೋರ್ಡನ್ನು ಜೋಪಾನವಾಗಿ ಇಟ್ಟಿದ್ದಳು. ಅದಕ್ಕೆ ಹಳೆಯ ಮೇಜುಬಟ್ಟೆ ಹೊದಿಸಿದ್ದಳು. ಗಂಡ ಸತ್ತ ಮೇಲೆ ಅವನ ಕೋಟುಗಳನ್ನು ಚರ್ಚಿಗೆ ಕೊಟ್ಟಳು, ಮೀನು ಹಿಡಿಯುವ ಗಾಳಗಳನ್ನು ಪಕ್ಕದ ಮನೆಯವರಿಗೆ ಕೊಟ್ಟಳು, ಬೋರ್ಡನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. 'ಈ ಮನೆ ಮಾರಾಟಕ್ಕಿದೆ' ಎಂದು ಅದರ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಮನೆ ಎಂದೂ ಮಾರಾಟಕ್ಕೆ ಇರಲಿಲ್ಲ.

ಅಲಬಾಮಾದ ಬ್ರೈಸ್ಟನ್ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲೇಜಿನ ಫುಟ್‌ಬಾಲ್ ತಂಡ ಸೋಲತೊಡಗಿದರೆ ಅಲ್ಲಿನ ಜನ ಕೋಚ್‌ನ ಮುಖ ನೋಡಿ 'ತೊಲಗು' ಎನ್ನುವುದಿಲ್ಲ. ಶನಿವಾರ ಪಂದ್ಯ ಸೋತರೆ ಭಾನುವಾರ ಬೆಳಗ್ಗೆ ಅವನ ಮನೆ ಮುಂದಿನ ಹುಲ್ಲಿನಲ್ಲಿ ಇಂಥ ಬೋರ್ಡು ನೆಡುತ್ತಾರೆ. ಆಮೇಲೆ ಏನೂ ಅರಿಯದವರ ಹಾಗೆ ಚರ್ಚಿಗೆ ಹೋಗಿ, ಅವನ ಪಕ್ಕದಲ್ಲೇ ಕೂತು ಕೀರ್ತನೆ ಹಾಡುತ್ತಾರೆ. ಬಹಳ ಮರ್ಯಾದಸ್ಥರ ಊರು ಅದು.

ಲವಾನಳ ಗಂಡ ಬ್ಯುಯೆಲ್ ಹಾರ್ಗೆಟ್ ಇಪ್ಪತ್ತೆರಡು ವರ್ಷ ಬ್ರೈಸ್ಟನ್ 'ಟಗರುಗಳ' ಕೋಚ್ ಆಗಿದ್ದವನು. ಅವನ ಕಾಲದಲ್ಲಿ ಟಗರುಗಳ ಹೆಸರು ಕೇಳಿದರೆ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳೂ ಗಂಟಲು ಸರಿಮಾಡಿಕೊಳ್ಳುತ್ತಿದ್ದವು. ಊರಿನವರು ಮಕ್ಕಳಿಗೆ ಅವನ ಹೆಸರಿಟ್ಟರು, ನಾಯಿಗಳಿಗೂ ಇಟ್ಟರು. ಕ್ಷೌರದ ಅಂಗಡಿಯಲ್ಲಿ ಅವನಿಗಾಗಿ ಕುರ್ಚಿ ಬಿಟ್ಟುಕೊಡುತ್ತಿದ್ದರು. ಕೊನೆಯ ಎರಡು ವರ್ಷ ಆಟಗಾರರಿಗೆ ಮೊಣಕಾಲಿನ ಪೆಟ್ಟು ಮೇಲಿಂದ ಮೇಲೆ ಬಿದ್ದು ತಂಡ ಸೋತಿತು. ಅಷ್ಟೇ. ತಲೆಯ ಮೇಲೆ ಹೊತ್ತು ಮೆರೆಸಿದವರೇ ನೆಲಕ್ಕೆ ಕುಕ್ಕಿದರು.

ಆ ನವೆಂಬರಿನ ಭಾನುವಾರ ಲವಾನ್ ಪತ್ರಿಕೆ ತರಲೆಂದು ನಿಲುವಂಗಿಯಲ್ಲೇ ಬಾಗಿಲಿಗೆ ಬಂದಾಗ, ಹುಲ್ಲಿನ ನಡುವೆ ಒಬ್ಬ ಮನುಷ್ಯ ಚರ್ಚಿನ ಸೂಟು ಹಾಕಿಕೊಂಡು ಸುತ್ತಿಗೆಯಿಂದ ಗೂಟ ಬಡಿಯುತ್ತಿದ್ದ. ರಾಯ್ಸ್ ಟಿಡ್‌ಮೋರ್. ಕಾರು ಮಾರುವ ಅಂಗಡಿಯ ಮಾಲೀಕ, ತಂಡದ ಅಭಿಮಾನಿ ಸಂಘದ ಅಧ್ಯಕ್ಷ, ಲವಾನಳ ಜೊತೆ ಒಂದನೇ ತರಗತಿಯಿಂದ ಓದಿದವನು, ಹಿಂದಿನ ವಾರವಷ್ಟೇ ಅವಳ ಊಟದ ಮೇಜಿಗೆ ಕೂತು ಹುರಿದ ಕೋಳಿ ತಿಂದವನು.

"ತಪ್ಪು ತಿಳ್ಕೋಬೇಡ ಲವಾನ್, ಸುಮ್ನೆ ತಮಾಷೆಗೆ," ಎಂದು ಅವನು ಹಲ್ಲು ಬಿಟ್ಟ.

ಅವನು ನೆಟ್ಟದ್ದು ಮೊದಲನೆಯದು. ಚರ್ಚಿನಿಂದ ಮರಳುವಷ್ಟರಲ್ಲಿ ಹುಲ್ಲಿನ ತುಂಬ ಬೋರ್ಡುಗಳಿದ್ದವು. ಬ್ಯುಯೆಲ್ ಕಾರಿನಿಂದ ಇಳಿಯದೆ ಬಹಳ ಹೊತ್ತು ಹಾಗೇ ಕೂತಿದ್ದ. ಸೋಮವಾರ ಅವನನ್ನು ಕೆಲಸದಿಂದ ತೆಗೆದರು, ಮುಂದಿನ ಬೇಸಿಗೆಯಲ್ಲಿ ಅವನು ಸತ್ತ. ವೈದ್ಯರು ಹೃದಯ ಎಂದರು. ಲವಾನ್ ಹೃದಯ ಎನ್ನಲಿಲ್ಲ, ರಾಯ್ಸ್ ಎಂದಳು. ಮನಸ್ಸಿನಲ್ಲೇ ಹೇಳಿಕೊಂಡಳು, ಹದಿನೆಂಟು ವರ್ಷ ಹೇಳಿಕೊಳ್ಳುತ್ತಲೇ ಇದ್ದಳು.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು, ಏಕೆಂದರೆ ಲವಾನ್ ಅದನ್ನು ನೆನೆಸಿಕೊಳ್ಳಲು ಇಷ್ಟಪಡುತ್ತಿರಲಿಲ್ಲ. ಆ ಭಾನುವಾರ ಮಧ್ಯಾಹ್ನ ಒಬ್ಬ ಹುಡುಗ ಅಳುತ್ತ ಬಂದು ಹುಲ್ಲಿನಲ್ಲಿದ್ದ ಬೋರ್ಡುಗಳನ್ನೆಲ್ಲ ಕಿತ್ತು ತನ್ನ ಟ್ರಕ್ಕಿಗೆ ಎಸೆದಿದ್ದ. ಅವನು ಬ್ಯುಯೆಲ್‌ನ ತಂಡದಲ್ಲಿ ಚೆಂಡು ಹಿಡಿದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಡೆನ್ನಿ, ರಾಯ್ಸ್‌ನ ಮಗ. "ಯಾವನು ನೆಟ್ಟಿದ್ದು ಹೇಳಿ ಮಿಸ್ ಲವಾನ್, ಅವನ ಕೈ ಮುರೀತೀನಿ," ಎಂದಿದ್ದ. ಅವಳು ಹೇಳಲಿಲ್ಲ. ಮೊದಲನೆಯ ಬೋರ್ಡನ್ನೂ ಅವನಿಗೆ ಕೊಡಲಿಲ್ಲ, ಅದು ಅಷ್ಟರಲ್ಲೇ ಗ್ಯಾರೇಜು ಸೇರಿತ್ತು.

ಬ್ಯುಯೆಲ್ ಹೋದ ಮೇಲೆ ಟಗರುಗಳ ಕೊಂಬು ಒಂದೊಂದಾಗಿ ಉದುರಿತು. ಒಬ್ಬ ಕೋಚ್ ಟೆಕ್ಸಸ್‌ನಿಂದ ಬಂದ, ಇನ್ನೊಬ್ಬ ಒಹಾಯೊದಿಂದ. ಒಬ್ಬನಂತೂ ಬೈಬಲ್ ಹಿಡಿದು ಬಂದು ವಕೀಲರನ್ನು ಹಿಡಿದು ಹೋದ. ಪ್ರತಿಯೊಬ್ಬನ ಹುಲ್ಲಿನಲ್ಲೂ ಬೋರ್ಡು ಮೊಳೆಯಿತು. ತಂಡ ಟಿವಿಯಿಂದ ರೇಡಿಯೊಗೆ ಇಳಿಯಿತು. ಕ್ರೀಡಾಂಗಣದ ಮೇಲಿನ ಸಾಲುಗಳಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ಲವಾನ್ ಪ್ರತಿ ಶನಿವಾರ ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿ, ಬೇಯಿಸಿದ ಕಡಲೆಕಾಯಿ ಸುಲಿಯುತ್ತ ಕೂರುತ್ತಿದ್ದಳು. ಟಗರುಗಳು ಸೋತ ದಿನ ಅವಳಿಗೆ ಊಟ ರುಚಿಸುತ್ತಿತ್ತು, ಸುಖವಾದ ನಿದ್ದೆ ಬರುತ್ತಿತ್ತು.

ಕೊನೆಗೆ ಯಾರೂ ಸಿಗದೆ, ಎರಡು ವರ್ಷದ ಹಿಂದೆ ಡೆನ್ನಿಯನ್ನೇ ಕೋಚ್ ಮಾಡಿದರು. ಡೆನ್ನಿಯ ಹೆಂಡತಿ ಟ್ರೀನಾ ಒಳ್ಳೆಯ ಹುಡುಗಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಲವಾನ್‌ಗೆ ಪೀಕಾನ್ ಪೈ ತಂದುಕೊಡುವವಳು. ಲವಾನ್ ಪೈ ತಿನ್ನುತ್ತಿದ್ದಳು, ತಟ್ಟೆ ತೊಳೆದು ಮರಳಿಸುತ್ತಿದ್ದಳು. ಟಗರುಗಳು ಸೋಲಲಿ ಎಂದು ಹಾರೈಸುವುದನ್ನು ಮಾತ್ರ ಬಿಡಲಿಲ್ಲ.

ಈ ವರ್ಷ ಸೆಪ್ಟೆಂಬರಿನಲ್ಲಿ ರಾಯ್ಸ್ ಬಂದು ಅವಳ ಬಾಗಿಲು ತಟ್ಟಿದ. ಹ್ಯಾಟು ಕೈಯಲ್ಲಿತ್ತು, ಹೊಟ್ಟೆ ಅವನಿಗಿಂತ ಮುಂದಿತ್ತು.

"ಒಂದು ಸಿಹಿಸುದ್ದಿ ಲವಾನ್. ಹೋಮ್‌ಕಮಿಂಗ್ ದಿನ ಹಳೇ ವಿದ್ಯಾರ್ಥಿಗಳೆಲ್ಲ ಬರ್ತಾರಲ್ಲ, ಅವತ್ತು ವಿರಾಮದಲ್ಲಿ ಮೈದಾನಕ್ಕೆ ಬ್ಯುಯೆಲ್ ಹೆಸರಿಡ್ತೀವಿ. 'ಬ್ಯುಯೆಲ್ ಹಾರ್ಗೆಟ್ ಮೈದಾನ'. ಹೆಂಗಿದೆ?"

"ಸತ್ತು ಹದಿನೆಂಟು ವರ್ಷ ಆದ್ಮೇಲೆ ನೆನಪಾದ್ನಾ?"

"ಜನ ಬರ್ತಿಲ್ಲ ಲವಾನ್. ನಿಂಗ್ಯಾಕೆ ಸುಳ್ಳು ಹೇಳ್ಲಿ? ಅರ್ಧ ಕ್ರೀಡಾಂಗಣ ಖಾಲಿ. ಬ್ಯುಯೆಲ್ ಹೆಸರು ಕೇಳಿದ್ರೆ ಬರ್ತಾರೆ. ಡೆನ್ನಿಗೂ ಒಂದು ಆಸರೆ ಆಗುತ್ತೆ. ನೀನು ಬಂದು ನಾಲ್ಕು ಮಾತು ಆಡ್ಬೇಕು, ಅಷ್ಟೇ."

ಅವನ ಬಾಯಿಂದ ಇನ್ನೊಂದು ಮಾತು ಬರಬಹುದೆಂದು ಅವಳು ಕಾದಳು. ತಪ್ಪಾಯಿತು ಎಂದಿದ್ದರೆ ಬಹುಶಃ ಈ ಕಥೆಯೇ ಇರುತ್ತಿರಲಿಲ್ಲ. ರಾಯ್ಸ್ ಹ್ಯಾಟಿನ ಅಂಚು ತಿರುಗಿಸುತ್ತ, "ತಣ್ಣನೆ ಚಾ ಏನಾದ್ರೂ ಇದ್ಯಾ? ಐಸು ಜಾಸ್ತಿ ಹಾಕು," ಎಂದ.

ಅವಳು ಐಸು ಜಾಸ್ತಿ ಹಾಕಿ ಚಾ ಕೊಟ್ಟಳು. "ಬರ್ತೀನಿ. ಬ್ಯುಯೆಲ್‌ದು ಒಂದು ಸಾಮಾನು ನನ್ನತ್ರ ಇದೆ. ಅದನ್ನೂ ತರ್ತೀನಿ. ಮೈದಾನಕ್ಕೇ ಸೇರ್ಬೇಕಾದ್ದು."

"ಓಹೋ, ಧಾರಾಳವಾಗಿ ತಾ!" ಎಂದ ರಾಯ್ಸ್. ಅದೇನು ಎಂದು ಕೇಳುವ ಬುದ್ಧಿಯೂ ಅವನಿಗೆ ಬರಲಿಲ್ಲ. ಮುದುಕಿಗೆ ಕಣ್ಣೀರು ಒರೆಸಲು ಒಂದು ಹೆಸರಿನ ಹಲಗೆ ಸಾಕು ಎಂದುಕೊಂಡಿದ್ದ.

ಹೋಮ್‌ಕಮಿಂಗ್‌ಗೆ ಯಾವ ತಂಡವನ್ನು ಕರೆಯುತ್ತಾರೆ ಎಂಬುದಕ್ಕೂ ಒಂದು ಪದ್ಧತಿಯಿದೆ: ಖಂಡಿತ ಸೋಲುವವರನ್ನು ಕರೆಯುತ್ತಾರೆ. ಹಳಬರು ಗೆಲುವು ನೋಡಿ, ಕುಡಿದು, ಹಾಡಿ ಮನೆಗೆ ಹೋಗಬೇಕು. ಈ ಸಲ ಬೆಟ್ಟಗಳ ಆಚೆಯ ಒಂದು ಪುಟ್ಟ ಕಾಲೇಜನ್ನು ಕರೆದಿದ್ದರು. ಅವರು ಶಾಲಾ ಮಕ್ಕಳ ಹಳದಿ ಬಸ್ಸಿನಲ್ಲಿ ಬಂದರು, ಮೈದಾನಕ್ಕಿಳಿದು ಟಗರುಗಳನ್ನು ಚೆನ್ನಾಗಿ ರುಬ್ಬಿದರು. ವಿರಾಮದ ಹೊತ್ತಿಗೆ ಟಗರುಗಳ ಖಾತೆಯಲ್ಲಿ ಒಂದು ಟಚ್‌ಡೌನ್ ಕೂಡ ಇರಲಿಲ್ಲ. ಬ್ಯುಯೆಲ್ ಹೆಸರು ಕೇಳಿ ಬಂದು ತುಂಬಿದ್ದ ಕ್ರೀಡಾಂಗಣ ಕುದಿಯುತ್ತಿತ್ತು. ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದ ಡೆನ್ನಿಯ ಬೆನ್ನಿಗೆ ಯಾರೋ ತಿಂದುಳಿದ ಮುಸುಕಿನ ಜೋಳದ ದಿಂಡು ಎಸೆದರು.

ಆಗ ಬ್ಯಾಂಡು ಬಾರಿಸುತ್ತ, ಮೇಜುಬಟ್ಟೆ ಹೊದಿಸಿದ ಸಾಮಾನನ್ನು ಕಂಕುಳಲ್ಲಿ ಹಿಡಿದಿದ್ದ ಲವಾನಳನ್ನು ಮೈದಾನದ ನಡುವಿಗೆ ಕರೆದುಕೊಂಡು ಹೋದರು. ಅಲ್ಲಿ ಹುಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡ ಟಗರಿನ ತಲೆ ಬರೆದಿದೆ. ಅದನ್ನು ಯಾರೂ ತುಳಿಯುವುದಿಲ್ಲ, ಹುಲ್ಲು ಕತ್ತರಿಸುವವನು ಕೂಡ ಬರಿಗಾಲಿನಲ್ಲಿ ಹೋಗುತ್ತಾನೆ. ಎದುರಾಳಿಗಳು ತುಳಿದರೆ ಮೂಗುಗಳು ಮುರಿಯುತ್ತವೆ. ರಾಯ್ಸ್ ಆ ತಲೆಯ ಅಂಚಿನಲ್ಲಿ ಮೈಕು ಹಿಡಿದು ನಿಂತು, ಬ್ಯುಯೆಲ್ ತನ್ನ ಪ್ರಾಣಸ್ನೇಹಿತನಾಗಿದ್ದ ಎಂದ. ಅವನಿಲ್ಲದೆ ಬ್ರೈಸ್ಟನ್ ಅನಾಥವಾಯಿತು ಎಂದ. ಎರಡನೆಯ ಮಾತು ನಿಜವಾಗಿತ್ತು. ಮೊದಲನೆಯದನ್ನು ಕೇಳಿ ಲವಾನಳ ಮೈ ಉರಿದುಹೋಯಿತು.

ಅವಳು ಮೈಕು ತೆಗೆದುಕೊಂಡಳು.

"ಇದು ಬ್ಯುಯೆಲ್ ಮೈದಾನ ಅಂತಿದ್ದೀರಿ. ಸಂತೋಷ. ಹಂಗಾದ್ರೆ ಬ್ಯುಯೆಲ್ ಹುಲ್ಲಲ್ಲಿ ನೀವು ನೆಟ್ಟಿದ್ದು ಇಲ್ಲೇ ಇರ್ಬೇಕು. ಇದನ್ನ ಮೊದಲು ನೆಟ್ಟೋನು ಅವನ ಪ್ರಾಣಸ್ನೇಹಿತ ರಾಯ್ಸ್ ಟಿಡ್‌ಮೋರ್. ನಾನೇ ಕಣ್ಣಾರೆ ನೋಡಿದೀನಿ."

ಮೇಜುಬಟ್ಟೆ ಎಳೆದಳು. ಟಗರಿನ ತಲೆಯನ್ನು ಚರ್ಚಿನ ಚಪ್ಪಲಿಯಲ್ಲೇ ತುಳಿದು, ಎರಡು ಕಣ್ಣುಗಳ ನಡುವೆ ಗೂಟ ಊರಿದಳು. ಕೈಚೀಲದಿಂದ ಬ್ಯುಯೆಲ್‌ನ ಸುತ್ತಿಗೆ ತೆಗೆದು ಬಡಿದಳು. ವಾರವಿಡೀ ಮಳೆ ಬಿದ್ದು ನೆಲ ಮೆತ್ತಗಿತ್ತು, ಗೂಟ ಸಲೀಸಾಗಿ ಇಳಿಯಿತು.

"ತಪ್ಪು ತಿಳ್ಕೋಬೇಡ ರಾಯ್ಸ್," ಎಂದಳು ಮೈಕಿನಲ್ಲಿ. "ಸುಮ್ನೆ ತಮಾಷೆಗೆ."

ರಾಯ್ಸ್‌ನ ಮುಖ ಮೈದಾ ಹಿಟ್ಟಿನ ಹಾಗೆ ಬಿಳುಚಿತು. ಹದಿನೆಂಟು ವರ್ಷ ಅವಳು ಕಾದಿದ್ದು ಆ ಮುಖಕ್ಕಾಗಿ. ಕಣ್ತುಂಬ ನೋಡಿದಳು, ಇಷ್ಟಿಷ್ಟೇ ಸವಿದಳು.

ಆದರೆ ಲವಾನ್ ಒಂದು ವಿಷಯ ಮರೆತಿದ್ದಳು. ಬ್ರೈಸ್ಟನ್‌ನಲ್ಲಿ ಆ ಬೋರ್ಡಿಗೆ ಒಂದೇ ಅರ್ಥ. ಅದನ್ನು ಯಾರು ಯಾರಿಗೆ ಯಾವ ಲೆಕ್ಕ ತೀರಿಸಲು ನೆಟ್ಟರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮೇಲಿನ ಸಾಲಿನಲ್ಲಿ ಒಬ್ಬ ನಕ್ಕ. ಆಮೇಲೆ ಯಾರೋ "ಮಾರು!" ಎಂದು ಕೂಗಿದ. ನೋಡನೋಡುತ್ತ ಸಾವಿರಾರು ಜನ ಎದ್ದು ನಿಂತು ಕಾಲು ಅಪ್ಪಳಿಸುತ್ತ ಕೂಗತೊಡಗಿದರು: "ಡೆನ್ನಿ, ಮನೆ ಮಾರು! ಡೆನ್ನಿ, ಮನೆ ಮಾರು!" ಡೆನ್ನಿ ಆಗಷ್ಟೇ ತಂಡದೊಂದಿಗೆ ಹೊರಬರುತ್ತಿದ್ದ. ಬೋರ್ಡನ್ನು ನೋಡಿದ. ಪಕ್ಕದಲ್ಲಿ ಸುತ್ತಿಗೆ ಹಿಡಿದು ನಿಂತವಳನ್ನು ನೋಡಿದ. ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ, ಏನೋ ಅರ್ಥವಾಗದವನಂತೆ ನಿಂತ. ಕುಟುಂಬದವರ ಸಾಲಿನಲ್ಲಿ ಟ್ರೀನಾ ಒಬ್ಬಳೇ ಕೂತಿದ್ದಳು.

ಲವಾನ್‌ಗೆ ಅಯ್ಯೋ ಎನಿಸಿತು. ಒಂದು ಕ್ಷಣ. ಆಮೇಲೆ ರಾಯ್ಸ್ ತನ್ನ ಮಗನ ಕಡೆ ನೋಡುತ್ತಿದ್ದುದನ್ನು ಕಂಡಳು. ಬ್ಯುಯೆಲ್ ಕಾರಿನೊಳಗೆ ಕೂತಿದ್ದಾಗ ತಾನು ಅವನನ್ನು ನೋಡಿದ್ದು ಹೀಗೇ ಎಂದು ಅವಳಿಗೆ ಹೊಳೆಯಿತು. ಅಯ್ಯೋ ಎನ್ನುವುದು ಅಲ್ಲಿಗೇ ಆರಿಹೋಯಿತು. ಸುಳ್ಳು ಹೇಳಿ ಏನು ಪ್ರಯೋಜನ? ಅವಳಿಗೆ ಖುಷಿಯಾಗಿತ್ತು.

ಟಗರುಗಳು ಹೀನಾಯವಾಗಿ ಸೋತವು.

ಭಾನುವಾರ ಬೆಳಗ್ಗೆ ಲವಾನ್ ಚರ್ಚಿಗೆ ಹೋಗುವ ದಾರಿ ಬಿಟ್ಟು ಡೆನ್ನಿಯ ಬೀದಿಗೆ ಕಾರು ತಿರುಗಿಸಿದಳು. ನೋಡದೆ ಇರಲು ಆಗಲಿಲ್ಲ. ಹುಲ್ಲಿನ ತುಂಬ ಬೋರ್ಡುಗಳು. ಅವುಗಳ ನಡುವೆ ರಾಯ್ಸ್, ಚರ್ಚಿನ ಸೂಟಿನಲ್ಲಿ, ಮೊಣಕಾಲಿಗೆ ಕೆಸರು ಮೆತ್ತಿಕೊಂಡು, ಏದುಸಿರು ಬಿಡುತ್ತ ಒಂದೊಂದಾಗಿ ಕೀಳುತ್ತಿದ್ದ. ಅವಳು ಕಿಟಕಿ ಇಳಿಸಿದಳು.

"ನೋಡಿದ್ಯಾ? ಹೊಟ್ಟೆ ತಣ್ಣಗಾಯ್ತಾ?" ಎಂದ ರಾಯ್ಸ್.

"ಇನ್ನೂ ಸ್ವಲ್ಪ ಹೊತ್ತು ನೋಡ್ತೀನಿ."

"ನನ್ನನ್ನ ಏನ್ ಬೇಕಾದ್ರೂ ಮಾಡ್ಬೋದಿತ್ತಲ್ಲೇ. ಅವನೇನ್ ಮಾಡಿದ್ದ ನಿಂಗೆ? ಅವತ್ತು ನಿಮ್ಮನೆ ಮುಂದಿಂದು ಕಿತ್ತು ಹಾಕಿದ್ದು ಅವನೇ ಅಲ್ವಾ?"

"ಬ್ಯುಯೆಲ್ ಏನ್ ಮಾಡಿದ್ದ ನಿಂಗೆ?"

ರಾಯ್ಸ್ ಇನ್ನೊಂದು ಗೂಟಕ್ಕೆ ಕೈ ಹಾಕಿ ಎಳೆದ, ಕೈ ಜಾರಿ ಹಿಂದಕ್ಕೆ ಕುಸಿದು ಕೂತ. ಎಪ್ಪತ್ತು ದಾಟಿದ ಮುದುಕ ಕೆಸರಿನಲ್ಲಿ ಕೂತು ಸೂಟಿನ ತೋಳಿನಿಂದ ಮುಖ ಒರೆಸಿಕೊಂಡ. ಲವಾನ್ ಅದನ್ನೂ ನೋಡಿದಳು.

ಆಗ ಬಾಗಿಲು ತೆರೆಯಿತು. ಟ್ರೀನಾ ಪತ್ರಿಕೆ ತೆಗೆದುಕೊಳ್ಳಲು ಬಂದಿದ್ದಳು, ನಿಲುವಂಗಿಯಲ್ಲಿ, ಬರಿಗಾಲಿನಲ್ಲಿ. ಹುಲ್ಲನ್ನು ನೋಡಿದಳು, ಮಾವನನ್ನು ನೋಡಿದಳು, ರಸ್ತೆಯಲ್ಲಿ ನಿಂತಿದ್ದ ಕಾರನ್ನು ನೋಡಿದಳು.

"ಒಳಗೆ ಹೋಗಮ್ಮ," ಎಂದ ರಾಯ್ಸ್. "ಎಲ್ಲಾ ಕಿತ್ತು ಸುಟ್ಹಾಕ್ತೀನಿ. ಇನ್ನೊಂದು ಗಂಟೇಲಿ ಏನೂ ಇರಲ್ಲ."

"ಅದೊಂದನ್ನ ಬಿಡಿ ಮಾವ."

ಅವಳು ಹುಲ್ಲಿಗಿಳಿದು ಬಂದಳು. ನಡುವೆ ಇದ್ದ ಒಂದು ಹಳೆಯ ಬೋರ್ಡಿನ ಮುಂದೆ ನಿಂತಳು. ಕೆಂಪಕ್ಷರ ಮಾಸಿತ್ತು, ಗೂಟದ ತುದಿಗೆ ಟಗರಿನ ಬಿಳಿ ಬಣ್ಣ ಹತ್ತಿತ್ತು. ಯಾವನೋ ಅದನ್ನು ಮೈದಾನದಿಂದಲೇ ಕಿತ್ತು ತಂದು ಇಲ್ಲಿ ನೆಟ್ಟಿದ್ದ. ಟ್ರೀನಾ ಅದನ್ನು ಎರಡೂ ಕೈಯಿಂದ ಎಳೆದು ಕಿತ್ತಳು, ನಿಲುವಂಗಿಯ ಅಂಚಿನಿಂದ ಕೆಸರು ಒರೆಸಿದಳು, ಅಕ್ಷರಗಳು ಚೆನ್ನಾಗಿ ಕಾಣುವಷ್ಟು ಒರೆಸಿದಳು. ಅಷ್ಟು ಹೊತ್ತೂ ಅವಳ ಕಣ್ಣು ಲವಾನಳ ಮೇಲೇ ಇತ್ತು. ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಗ್ಯಾರೇಜಿನ ಕಡೆ ನಡೆದಳು.

ಲವಾನ್ ಕಿಟಕಿ ಏರಿಸಿದಳು. ಕೀಲಿಗೆ ಕೈ ಹಾಕಿದಳು. ಗ್ಯಾರೇಜಿನ ಒಳಗೆ ಏನನ್ನೋ ಸರಿಸಿ ಜಾಗ ಮಾಡುವ ಸದ್ದು ಕೇಳಿಸಿತು. ಆ ಬೋರ್ಡಿಗೆ ಹೊದಿಸಲು ಟ್ರೀನಾ ಯಾವ ಬಟ್ಟೆ ಹುಡುಕುತ್ತಾಳೆ ಎಂಬುದೂ ಲವಾನ್‌ಗೆ ಗೊತ್ತಿತ್ತು. ಟ್ರೀನಾಗೆ ಇನ್ನೂ ಮೂವತ್ತೈದು ತುಂಬಿಲ್ಲ. ಕಾಯಲು ಅವಳ ಮುಂದೆ ಬೇಕಾದಷ್ಟು ವರ್ಷಗಳಿವೆ.