ಎರಡು ಡಬ್ಬಿಗೂ ಒಂದೇ ಅಚ್ಚು

ಪರಿಮಳ ಸೋಲಾರ್ ಹಲಗೆಯ ಮೇಲಿನ ಹಕ್ಕಿ ಹಿಕ್ಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಆಚೆ ಅಪ್ಪ ಪುಟ್ಟಸ್ವಾಮಿ ಕಬ್ಬಿನ ಗದ್ದೆಯ ಬೇಲಿಗೆ ಹೊಸ ತಂತಿ ಎಳೆಯುತ್ತಿದ್ದ. ತಾಳಮಲೆ ಕಾಡಿನಿಂದ ಬಂದ ಆನೆ ಹಿಂದಿನ ರಾತ್ರಿ ಕಬ್ಬು ಮುರಿದು ಹೋಗಿತ್ತು. ಅವಳೂ ಅಣ್ಣ ಮೋಹನನೂ ಸೇರಿ ಕಟ್ಟಿದ್ದ ಸೈರನ್ ಕೂಗಿರಲಿಲ್ಲ.

"ನಿಮ್ಮಾಟ ಸಾಕು. ಸಂಜಿಗೆ ಮೋಟ್ರು ಕರೆಂಟನ್ನೇ ಬೇಲಿಗೆ ಬುಡ್ತೀನಿ," ಅಂದ ಅಪ್ಪ.

ಬಿಟ್ಟರೆ ಆನೆ ಸಾಯುತ್ತದೆ, ಅಪ್ಪ ಜೈಲಿಗೆ ಹೋಗುತ್ತಾನೆ. ಯಾರಿಗೂ ಎದುರಾಡದ ಪರಿಮಳ ಹೋಗಿ ಲ್ಯಾಪ್‌ಟಾಪ್ ಮುಂದೆ ಕೂತಳು.

ಹೊಲ ಕಾಯುವವರು ಮಾಡುವಂತೆಯೇ ಅಣ್ಣತಂಗಿ ಕೆಲಸ ಹಂಚಿಕೊಂಡಿದ್ದರು: ಕಾಡಂಚು ಒಬ್ಬರದು, ಮನೆ ಕಡೆ ಇನ್ನೊಬ್ಬರದು, ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಆನೆ ಬಂದದ್ದನ್ನು ಗುರುತಿಸುವ ಬೇಲಿಯ ಡಬ್ಬಿಯ ಸಿ ಪ್ರೋಗ್ರಾಂ ಮೋಹನನದು, ಆ ಸುದ್ದಿ ಓದಿ ಕೂಗುವ ಸೈರನ್ ಡಬ್ಬಿಯದು ಅವಳದು. ಬೇಲಿಯಿಂದ ಬರುವ ಸುದ್ದಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವ ಸ್ಟ್ರಕ್ಟನ್ನು ಇಬ್ಬರೂ ತಂತಮ್ಮ ಫೈಲಿನಲ್ಲಿ ಬೇರೆ ಬೇರೆ ಬರೆದುಕೊಂಡಿದ್ದರು. ಪರಿಮಳ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು.

"ಅಣ್ಣಾ, ಬ್ಯಾಟ್ರಿ ಅಂತ ಮೊದಲ್ನೇ ಸಾಲು ಯಾವಾಗ ಸೇರಿಸ್ದೆ?"

"ಮೊನ್ನೆ. ಚಾರ್ಜು ಎಷ್ಟದೆ ಅಂತ ಗೊತ್ತಾಗ್ಲಿ ಅಂತ. ಯಾಕಮ್ಮಿ?"

"ನನ್ ಫೈಲ್ನಲ್ಲಿ ಮೊದಲ್ನೇದು ಆನೆ."

ಮೋಹನ ತಲೆ ಕೆರೆದುಕೊಂಡ. ಆನೆ ಬಂದರೆ ಒಂದು ಎಂಬ ಅಂಕಿ ಬರಬೇಕಿದ್ದ ಜಾಗದಲ್ಲಿ ಸೈರನ್ ಬ್ಯಾಟರಿ ಚಾರ್ಜಿನ ಎಂಬತ್ತನ್ನು ಓದಿ ಸುಮ್ಮನಿದ್ದುಬಿಟ್ಟಿತ್ತು. ಫೈಲುಗಳು ಬೇರೆ ಬೇರೆಯಾಗಿ ಕಂಪೈಲ್ ಆಗುತ್ತಿದ್ದರಿಂದ ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರಿಗೂ ತಪ್ಪು ಕಂಡಿರಲಿಲ್ಲ.

"ಎಂಬತ್ತಾನೆ ಬಂದವೆ ಅಂತ ಎದ್ರಿರ್ಬೇಕು ನಿನ್ ಸೈರನ್ನು," ಎಂದು ನಕ್ಕ. "ನೀನೂ ಒಂದ್ ಸಾಲು ಸೇರಿಸ್ಕೊ, ಮುಗೀತು."

"ಊಹ್ಞೂಂ. ನಾಳೆ ನೀನು ಇನ್ನೊಂದು ಸೇರಿಸ್ತೀಯ. ಇದು ನಿನ್ ಪಾಲಲ್ಲ, ನನ್ ಪಾಲೂ ಅಲ್ಲ."

"ಓಹೋ, ನಮ್ಮಮ್ಮಿಗೆ ಮಾತು ಬತ್ತಲ್ಲಪ್ಪಾ!"

ಅವಳು ಎರಡೂ ಕಡೆಯಿಂದ ಸ್ಟ್ರಕ್ಟನ್ನು ಅಳಿಸಿ, ಇಬ್ಬರ ಪ್ರೋಗ್ರಾಮೂ ಹಂಚಿಕೊಳ್ಳುವ ಒಂದು ಹೆಡರ್ ಫೈಲಿನಲ್ಲಿ ಒಂದೇ ಸಲ ಬರೆದಳು. ಒಂದೇ ಫೈಲಿನೊಳಗೆ ಅದು ಎರಡು ಬಾರಿ ಸೇರದಂತೆ ಮೇಲೂ ಕೆಳಗೂ ಕಾವಲು ಸಾಲು ಹಾಕಿದಳು. ಎರಡೂ ಪ್ರೋಗ್ರಾಮಿನ ತಲೆಯಲ್ಲಿ ಅದನ್ನೇ ಇನ್‌ಕ್ಲೂಡ್ ಮಾಡಿ, ಡಬ್ಬಿಗಳಿಗೆ ಹೊಸದಾಗಿ ತುಂಬಿದಳು.

ಮೋಹನ ಸೊಂಡಿಲಿನಂತೆ ಕೈ ಬೀಸುತ್ತಾ ಬೇಲಿಯ ಮುಂದೆ ನಡೆದ. ಸೈರನ್ ಕಿವಿ ಗಡಚಿಕ್ಕುವಂತೆ ಕೂಗಿತು. ಅಪ್ಪ ಒಮ್ಮೆ ತಿರುಗಿ ನೋಡಿ, ಮತ್ತೆ ತಂತಿ ಬಿಗಿಯಲು ಬಾಗಿದ.

ಪರಿಮಳ ಹೋಗಿ ಅವನೆದುರೇ ನಿಂತಳು.

"ಅಪ್ಪಾ, ಬೇಲಿಗೆ ಕರೆಂಟ್ ಬುಡ್ಬೇಡ ಕಣಪ್ಪ."

ಅಪ್ಪನ ಕೈಯ ಇಕ್ಕಳ ತಿರುಗುತ್ತಲೇ ಇತ್ತು.

"ಬುಡ್ಬೇಡ," ಎಂದಳು ಪರಿಮಳ ಮತ್ತೆ, ಇನ್ನೂ ಜೋರಾಗಿ.