ಮಗನಿಗೆ ಹೆಗಲು ಕೊಟ್ಟವರು

ನಮ್ಮ ಮಗ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕಿ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಆಗಲೇ ಸರ್ಕಾರದ ಕಡೆಯಿಂದ ಒಬ್ಬ ಅಧಿಕಾರಿಣಿ ಸೊಸೆಯನ್ನು ಪರೀಕ್ಷಿಸಲು ಮನೆಗೆ ಬಂದಳು. ವಲಸೆ ಬಂದ ನಮ್ಮಂಥವರಲ್ಲಿ ಈ ದೇಶದಲ್ಲಿರಲು ಹೆಂಡತಿಗೆ ಕೊಟ್ಟ ಪರವಾನಗಿ ಗಂಡನದಕ್ಕೆ ಅಂಟಿಕೊಂಡಿರುತ್ತದೆ. ಗಂಡ ಹೋದರೆ ಅದೂ ಹೋಯಿತು. ಉಳಿಯಬೇಕೆಂದರೆ ಇಲ್ಲಿಯವರೊಡನೆ ಬೆರೆತಿದ್ದೇನೆಂದು ವಿಧವೆ ರುಜುವಾತು ಕೊಡಬೇಕು. ಸೊಸೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಈ ಊರಿನ ರೋಗಿಗಳ ರಕ್ತ, ಕೀವು ತೊಳೆಯುತ್ತಾಳೆ. ಅದು ಬೆರೆತ ಲೆಕ್ಕಕ್ಕೆ ಬರುವುದಿಲ್ಲವಂತೆ.

ಅಧಿಕಾರಿಣಿ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ಎತ್ತಿ ಮೂಸಿದಳು. ಹಾಸಿಗೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ, ಸಾವಿಗೆ ಯಾರು ಯಾರು ಬಂದಿದ್ದರೆಂದು ಕೇಳಿದಳು. ಇಲ್ಲಿಯ ಮಾತು ನನಗೂ ನಮ್ಮ ಯಜಮಾನರಿಗೂ ಬಾರದು. ಎರಡೂ ಕಡೆಗೆ ಸೊಸೆಯೇ ಹೇಳುವವಳು.

ಯಜಮಾನರು ನೆಟ್ಟಗೆ ಕುಳಿತರು. "ಅದನ್ನೂ ಕೇಳ್ಬೇಕೇನಮ್ಮ? ನಮ್ಮ ಜನ ಒಬ್ಬರೂ ಮನೇಲಿ ಕೂರಲಿಲ್ಲ, ಬೀದಿ ತುಂಬಿತ್ತು ಅಂತ ಹೇಳು."

"ಎಲ್ಲರೂ ನಿಮ್ಮವರೇನಾ?" ಎಂದಳು ಅಧಿಕಾರಿಣಿ.

"ನಮ್ಮವರಲ್ಲದೆ ಇನ್ಯಾರು ಬರ್ತಾರೆ?"

ಸೊಸೆ ಅಕ್ಷರ ಬಿಡದೆ ತಿಳಿಸಿದಳು. ಅಧಿಕಾರಿಣಿ ಕನಿಕರದಿಂದ ತಲೆ ಆಡಿಸಿದಳು. ತಮ್ಮತಮ್ಮಲ್ಲೇ ಮುಚ್ಚಿಕೊಂಡಿರುವ ಕುಟುಂಬ ಎಂದಳು. ಇನ್ನೊಂದು ಅವಕಾಶವಿದೆ, ಮುಂದಿನ ವಾರ ಕಚೇರಿಗೆ ಇಲ್ಲಿಯವರೊಬ್ಬರನ್ನು ಸಾಕ್ಷಿಗೆ ಕರೆತನ್ನಿ ಎಂದು ಹೇಳಿ ಹೋದಳು.

"ನೀನಾದ್ರೂ ಸ್ವಲ್ಪ ತಿರುಗಿಸಿ ಹೇಳಬಾರದಿತ್ತೇನಮ್ಮ?" ಎಂದರು ಯಜಮಾನರು.

"ಏನಂತ ತಿರುಗಿಸ್ಲಿ ಮಾವ? ಅವರು ದಿಕ್ಕಿಲ್ಲದ ಹೆಣವಾಗಿ ಹೋದ್ರು ಅಂತಲಾ?"

ಕಾರ್ಖಾನೆಯ ಮೇಸ್ತ್ರಿ ಈ ಊರಿನವನೇ. ಅಂತ್ಯಕ್ರಿಯೆಯ ದಿನ ಅವನಿಗೆ ರಜೆ ಕೊಟ್ಟಿರಲಿಲ್ಲ. ಮರುದಿನ ಬಂದು, ಒಳಗೆ ಕಾಲಿಡಲೂ ನಾಚಿ, ಮೆಟ್ಟಿಲ ಮೇಲೆ ಕುಳಿತು ಅತ್ತಿದ್ದ. ಸೊಸೆ ವಿಷಯ ತಿಳಿಸಿದಾಗ ಅವನು, "ನಾನೂ ಹೆಣ ಹೊತ್ತೆ ಅಂತ ಹೇಳ್ತೀನಿ ಬಿಡಿ" ಎಂದ.

"ಸುಳ್ಳು ಹೇಳೋದಕ್ಕೆ ನಿಮ್ಮವರಿಗೂ ಬರುತ್ತೇನಪ್ಪ?" ಎಂದು ಸೊಸೆಯ ಮೂಲಕ ಕೇಳಿದರು ಯಜಮಾನರು.

"ನಿಮಗಿಂತ ಚೆನ್ನಾಗೇ ಬರುತ್ತೆ ಯಜಮಾನ್ರೆ. ನಾವು ಹುಟ್ಟಿದಾಗಿಂದ ಇದೇ ಸರ್ಕಾರದ ಕೈಕೆಳಗಿದ್ದೀವಿ."

ನನಗೆ ಮಾತ್ರ ಮನಸ್ಸು ಒಪ್ಪಲಿಲ್ಲ. ಸತ್ತ ಮಗನ ಮೇಲೆ ಸುಳ್ಳು ಹೇಳಿದರೆ ದೇವರು ಮೆಚ್ಚುತ್ತಾನೆಯೇ ಎಂದೆ.

"ದೇವರಿಗೆ ನಿಜ ಗೊತ್ತಲ್ವಾ ಅತ್ತೆ? ಗೊತ್ತಿಲ್ಲದವರಿಗೆ ತಾನೆ ನಾವು ಹೇಳ್ತಿರೋದು" ಎಂದಳು ಸೊಸೆ. ಮೊಮ್ಮಗಳು ಅವಳ ತೊಡೆಯ ಮೇಲೆ ಮಲಗಿದ್ದಳು. ನಾನು ಮಗುವಿಗೆ ಸೆರಗು ಹೊದಿಸಿದೆ.

ಕಚೇರಿಯ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಅಧಿಕಾರಿಣಿ ಮೇಸ್ತ್ರಿಯನ್ನು ಕಂಡು ಅರಳಿದಳು. ಹೋದ ವಾರ ದುಃಖದಲ್ಲಿ ಇವರ ಹೆಸರು ಬಿಟ್ಟುಹೋಯಿತು, ಇವರೂ ಹೆಣ ಹೊತ್ತವರು ಎಂದು ಸೊಸೆ ಹೇಳಿದಾಗ, ಅದು ನಿಜವೇ ಎಂದು ಅವನನ್ನು ಕೇಳಿದಳು. ಹೌದು ಎಂದ. ಯಾವ ಕಡೆ ಹೆಗಲು ಕೊಟ್ಟೆ ಎಂದು ಕೇಳುತ್ತಾಳೆಂದು ಅವನು ಎಣಿಸಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: "ಮುಂದೆ, ಎಡಗಡೆ."

ಅದು ಹೆತ್ತ ತಂದೆ ಹೊತ್ತ ಜಾಗ. ಭಾರಕ್ಕೆ ಅವರ ಹೆಗಲು ಕೆಂಪಗೆ ಕಂದಿತ್ತು. ಎಣ್ಣೆ ಹಚ್ಚಿದವಳು ನಾನು.

ಅಧಿಕಾರಿಣಿ ಯಜಮಾನರ ಕಡೆ ತಿರುಗಿದಳು. "ಹಾಗಾದ್ರೆ ತಂದೆ ಎಲ್ಲಿದ್ರು?"

ಮೇಸ್ತ್ರಿ ಹೇಳಿದ್ದನ್ನೂ ಅವಳು ಕೇಳಿದ್ದನ್ನೂ ಸೊಸೆ ನೆಲ ನೋಡುತ್ತಾ ನಮ್ಮ ಭಾಷೆಯಲ್ಲಿ ಹೇಳಿದಳು. ಹೆಗಲ ಮೇಲೆ ಹೋದ ಕೈಯನ್ನು ಯಜಮಾನರು ಸೊಂಟಕ್ಕೆ ಇಳಿಸಿದರು.

"ನನಗೆ ಸೊಂಟ ನೋವಿತ್ತು ಅಂತ ಹೇಳಮ್ಮ. ಹೊರೋಕೆ ಆಗ್ಲಿಲ್ಲ. ಹಿಂದೆ ನಡ್ಕೊಂಡು ಬಂದೆ."

"ನೋಡಿ, ಬೆರೆಯೋದು ಅಂದ್ರೆ ಇದೇ" ಎಂದಳು ಅಧಿಕಾರಿಣಿ. ಒಂದು ವರ್ಷಕ್ಕೆ ಮುದ್ರೆ ಒತ್ತಿದಳು. ಎದ್ದುಬಂದು ಯಜಮಾನರ ಕೈ ಕುಲುಕಿ ಶುಭ ಕೋರಿದಳು. ಅವರು ಕೈ ಕೊಟ್ಟರು. ನನ್ನ ಬಾಯಿಯಲ್ಲಿ ಕಹಿ ನೀರು ತುಂಬಿತು. ಆ ಚೊಕ್ಕ ನೆಲದ ಮೇಲೆ ಉಗುಳಲಾರದೆ ನುಂಗಿಕೊಂಡೆ.